ಕೊರೊನಾ ಪರಿಹಾರ: ಬೆಳೆದವರಿಗೆ ಬಂತಾ, ಪಹಣಿಯಲ್ಲಿ ಹೆಸರಿದ್ದವರಿಗೆ ಬಂತಾ?

ಹೂತೋಟದ ಮಗಳು (ಚಿಕ್ಕಬಳ್ಳಾಪುರ ಜಿಲ್ಲೆ), 12 ಜೂನ್ 2021

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮಗೆ ಸ್ವಂತದ್ದು 22 ಗುಂಟೆ. ಪಕ್ಕದಲ್ಲೇ ಇನ್ನೊಬ್ಬರ 1 ಎಕರೆ 10 ಗುಂಟೆ ಗುತ್ತಿಗೆಗೆ ಮಾಡುತ್ತೇವೆ, ಏಳೆಂಟು ವರ್ಷದಿಂದ. ಎರಡರಲ್ಲೂ ಹೂವೇ, ಸೇವಂತಿಗೆ ಮತ್ತು ಚೆಂಡುಹೂ. ಹೋದ ವರ್ಷ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಹಬ್ಬದ ಲೆಕ್ಕ ಹಾಕಿಯೇ ನಾರು, ಅಂದರೆ ಸಸಿ, ನೆಟ್ಟಿದ್ದೆವು. 24ನೇ ತಾರೀಕು ರಾತ್ರಿ ಲಾಕ್‌ಡೌನ್ ಅಂದರು. ಅವತ್ತು ಕಿತ್ತಿಟ್ಟಿದ್ದ ಹೂವು ಮೂಟೆಯಲ್ಲೇ ಉಳಿಯಿತು. ಬೆಂಗಳೂರಿಗೆ ಗಾಡಿ ಇಲ್ಲ, ಮಂಡಿಯವರು ಫೋನ್ ಎತ್ತಲಿಲ್ಲ. ಮೂರನೇ ದಿನ ಅಪ್ಪ ಮೂಟೆಗಳನ್ನೆಲ್ಲ ಬದುವಿನ ಹತ್ತಿರ ಸುರಿದರು. ಬೆಳಿಗ್ಗೆ ಎದ್ದು ನೋಡಿದರೆ ಆ ರಾಶಿಯಿಂದ ಹಬೆ ಏಳುತ್ತಿತ್ತು. ಕೈ ಇಟ್ಟರೆ ಒಳಗೆ ಬಿಸಿ, ಮೇಲೆ ಜೇನುನೊಣ. ಗಿಡದಲ್ಲಿದ್ದ ಹೂವು ಕೀಳದೆ ಬಿಟ್ಟರೆ ಗಿಡವೇ ಹಾಳಾಗುತ್ತದೆ, ಹಾಗಾಗಿ ಕೂಲಿ ಕೊಟ್ಟು ಕೀಳಿಸಿ ಎಸೆದೆವು. ಏಪ್ರಿಲ್ ಕೊನೆಗೆ ಟಿಲ್ಲರ್ ಹೊಡೆಸಿಬಿಟ್ಟರು.

ಆಮೇಲೆ ಮೇ 6ಕ್ಕೆ ರಾಜ್ಯ ಸರ್ಕಾರದ ಕೊರೊನಾ ಪರಿಹಾರದ ಪ್ಯಾಕೇಜ್ ಬಂತು. 1,610 ಕೋಟಿ, ಅದರಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಒಬ್ಬರಿಗೆ ಹೆಚ್ಚೆಂದರೆ 1 ಹೆಕ್ಟೇರಿಗೆ. ಹೆಕ್ಟೇರ್ ಅಂದರೆ 2 ಎಕರೆ 19 ಗುಂಟೆ ಹತ್ತಿರ. ಗುಂಟೆಗೆ ಲೆಕ್ಕ ಹಾಕಿದರೆ ಸುಮಾರು 253 ರೂಪಾಯಿ. ನಮ್ಮ 22 ಗುಂಟೆಗೆ ಐದೂವರೆ ಸಾವಿರ ಬಂತು, ತಡವಾದರೂ ಬಂತು. ಗುತ್ತಿಗೆ ಜಮೀನಿನದ್ದು ಹನ್ನೆರಡು ಸಾವಿರದ ಮೇಲೆ. ಪಹಣಿ, ಅಂದರೆ ಜಮೀನಿನ ದಾಖಲೆ, ಅವರ ಹೆಸರಲ್ಲಿದೆ ಅಂತ ಅದು ಜಮೀನಿನ ಯಜಮಾನಿ ಅಜ್ಜಿಯ ಖಾತೆಗೆ ಹೋಯಿತು. ನಾರು ನಮ್ಮದು, ಗೊಬ್ಬರ ನಮ್ಮದು, ಎಸೆದ ಹೂವು ನಮ್ಮದು.

ಈ ವರ್ಷ ಮತ್ತೆ ಅದೇ ಕಥೆ. ಏಪ್ರಿಲ್ 27ರಿಂದ ಬಂದ್, ಮದುವೆಗಳಿಲ್ಲ, ಜಾತ್ರೆ ಇಲ್ಲ. ಮೇ 19ಕ್ಕೆ ಹೊಸ ಪ್ಯಾಕೇಜ್, ಈ ಸಲ ಹೆಕ್ಟೇರಿಗೆ 10,000 ಮಾತ್ರ. ಗುಂಟೆಗೆ 101 ರೂಪಾಯಿ. ಹೋದ ವರ್ಷ 25 ಕೊಟ್ಟು ಈ ವರ್ಷ 10 ಯಾಕೆ ಅಂತ ಕೇಳುತ್ತಿಲ್ಲ. ನನ್ನ ಪ್ರಶ್ನೆ ಒಂದೇ. ಬೆಳೆ ಹಾಕಿದವರಿಗೆ ಹಣ ಸೇರುವ ಹಾಗೆ ಮಾಡಲು ಏನಾದರೂ ದಾರಿ ಇದೆಯಾ? ಅಪ್ಪನಿಗೆ ಅಜ್ಜಿಯನ್ನು ಕೇಳುವ ಮನಸ್ಸಿಲ್ಲ. "ಕೇಳಿದರೆ ಮುಂದಿನ ವರ್ಷ ಜಮೀನು ಬೇರೆಯವರಿಗೆ ಕೊಡ್ತಾರೆ, ಸುಮ್ನಿರು" ಅನ್ನುತ್ತಾರೆ.

ಮೆಕ್ಕೆಜೋಳ ಹರಿಹರ, 12 ಜೂನ್

ತಂಗಿ, ನಿಮ್ಮದು ಓದಿ ಹೊಟ್ಟೆ ಉರಿಯಿತು. ನಮ್ಮ ಕಡೆಯ ಕಥೆ ಹೇಳುತ್ತೇನೆ.

2020ರ ಮೇ ತಿಂಗಳಲ್ಲೇ ಎರಡನೇ ಕಂತಿನ ಘೋಷಣೆ ಆಯಿತಲ್ಲ, ಹಣ್ಣು ತರಕಾರಿಗೆ ಹೆಕ್ಟೇರಿಗೆ 15,000, ಮೆಕ್ಕೆಜೋಳದವರಿಗೆ ತಲಾ 5,000. ಸುಮಾರು 10 ಲಕ್ಷ ರೈತರಿಗೆ 500 ಕೋಟಿ ಅಂದರು. ನಮ್ಮದು 3 ಎಕರೆ, 60 ಕ್ವಿಂಟಲ್ ಮನೆಯಲ್ಲೇ ಇತ್ತು. ಜನವರಿಯಲ್ಲಿ 1,900 ಕೇಳಿದ್ದರು. ಇನ್ನೂ ಏರಲಿ ಅಂತ ಇಟ್ಟುಕೊಂಡೆವು. ಅಷ್ಟರಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಸುಳ್ಳು ಸುದ್ದಿ ಹಬ್ಬಿತು. ಮಾರ್ಚ್‌ನಲ್ಲಿ ನಮ್ಮ ಹರಿಹರ ತಾಲ್ಲೂಕಿನಲ್ಲೇ, ಬನ್ನಿಕೋಡಿನಲ್ಲಿ, ಹಕ್ಕಿಜ್ವರ ಬೇರೆ ಬಂತು. ಜನ ಕೋಳಿ ಬಿಟ್ಟರು, ಫಾರಂನವರು ಮರಿ ಬಿಡುವುದು ನಿಲ್ಲಿಸಿದರು, ಕೋಳಿ ಆಹಾರಕ್ಕೆ ಹೋಗುವ ಜೋಳ ಕೇಳುವವರೇ ಇಲ್ಲ. ಏಪ್ರಿಲ್ ಕೊನೆಗೆ 1,200ಕ್ಕೆ ಕೊಟ್ಟೆ. ಆ ವರ್ಷದ ಬೆಂಬಲ ಬೆಲೆ 1,760 ಇತ್ತು, ಆದರೆ ಆ ಬೆಲೆಗೆ ಕೊಳ್ಳುವವರು ನಮ್ಮ ಊರಿಗಂತೂ ಬರಲಿಲ್ಲ. ಕ್ವಿಂಟಲ್‌ಗೆ 700 ಹಿಡಿದರೂ 42 ಸಾವಿರ ಹೋಯಿತು.

ಸರಿ, 5,000 ಆದರೂ ಬರುತ್ತದೆ ಅಂದುಕೊಂಡರೆ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. 2019ರ ಮುಂಗಾರಿನ ಬೆಳೆ ಸಮೀಕ್ಷೆಯಲ್ಲಿ ಯಾರಿಗೆ ಮೆಕ್ಕೆಜೋಳ ಅಂತ ದಾಖಲಾಗಿದೆಯೋ ಅವರಿಗೆ ಮಾತ್ರ ಅಂದರು. ನಮ್ಮ ಸರ್ವೆ ನಂಬರಿನ ಮುಂದೆ "ಬೀಳು" ಅಂತ ಇದೆ. ಮೂರು ಎಕರೆ ಎದೆ ಎತ್ತರ ಬೆಳೆದು ನಿಂತ ಜೋಳ, ಬೀಳು! ಸಮೀಕ್ಷೆಗೆ ಬಂದ ಹುಡುಗ ರಸ್ತೆ ಬದಿಯ ಹೊಲಗಳನ್ನು ನೋಡಿಕೊಂಡು ಹೋಗಿರಬೇಕು. ನಮ್ಮದು ಹಳ್ಳದ ಆಚೆ. ಅರ್ಜಿ ಕೊಟ್ಟೆ, ಮೂರು ಸಲ ಓಡಾಡಿದೆ, ಆಮೇಲೆ ಬಿತ್ತನೆ ಶುರುವಾಯಿತು, ಬಿಟ್ಟೆ.

ಅಂದರೆ ನಿಮ್ಮದು ಹೆಸರಿನ ತೊಂದರೆ, ನಮ್ಮದು ಬೆಳೆಯ ತೊಂದರೆ. ಎರಡೂ ಕಾಗದದ್ದೇ.

ಬ್ಯಾಂಕ್ ಮಿತ್ರ ಕೋಲಾರ, 12 ಜೂನ್

ಹಣ ಬಂದಿಲ್ಲ ಅನ್ನುವವರು ಮೊದಲು ಒಂದು ಕೆಲಸ ಮಾಡಿ. ಈ ಹಣ ಖಾತೆ ನಂಬರ್ ನೋಡಿ ಬರುವುದಲ್ಲ, ಆಧಾರ್ ನೋಡಿ ಬರುತ್ತದೆ. ಕೊನೆಯದಾಗಿ ಯಾವ ಬ್ಯಾಂಕಿಗೆ ಆಧಾರ್ ಮ್ಯಾಪಿಂಗ್ ಆಗಿದೆಯೋ ಆ ಖಾತೆಗೆ ಬೀಳುತ್ತದೆ. ನೀವು ಸೊಸೈಟಿ ಸಾಲಕ್ಕೆ ಅಂತ ಒಂದು, ಜನಧನ್ ಅಂತ ಒಂದು, ಗ್ಯಾಸ್ ಸಬ್ಸಿಡಿಗೆ ಅಂತ ಇನ್ನೊಂದು ತೆರೆದಿರುತ್ತೀರಿ. ಹೋದ ವರ್ಷ ನನ್ನ ಹತ್ತಿರ ಒಬ್ಬ ಹಿರಿಯರು ಬಂದರು. ಎರಡು ತಿಂಗಳು ತಹಶೀಲ್ದಾರ್ ಕಚೇರಿ ಸುತ್ತಿದ್ದರು. ಹೆಬ್ಬೆಟ್ಟು ಒತ್ತಿಸಿ ನೋಡಿದರೆ ಹಣ ಆಗಲೇ ಬಂದು ಕೂತಿತ್ತು, ಅವರು ಮರೆತೇಬಿಟ್ಟಿದ್ದ ಒಂದು ಖಾತೆಯಲ್ಲಿ. ಪಾಸ್‌ಬುಕ್ ಕೂಡ ಇರಲಿಲ್ಲ ಅವರ ಹತ್ತಿರ.

ಫೋನಿನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡರೆ ಸರ್ಕಾರದಿಂದ ಯಾವ ಯೋಜನೆಯ ಹಣ, ಯಾವತ್ತು, ಯಾವ ಬ್ಯಾಂಕಿಗೆ ಅಂತ ಕಾಣಿಸುತ್ತದೆ. ಕೀಪ್ಯಾಡ್ ಫೋನಿನವರು ಬ್ಯಾಂಕಿನಲ್ಲಿ "ಆಧಾರ್ ಎನ್‌ಪಿಸಿಐ ಮ್ಯಾಪಿಂಗ್ ಎಲ್ಲಿದೆ" ಅಂತಲೇ ಕೇಳಿ. ಆಧಾರ್ ಲಿಂಕ್ ಆಗಿದೆಯಾ ಅಂತ ಕೇಳಿದರೆ ಆಗಿದೆ ಅಂದುಬಿಡುತ್ತಾರೆ. ಅದು ಬೇರೆ, ಇದು ಬೇರೆ.

ಹೂತೋಟದ ಮಗಳು, 12 ಜೂನ್

ಅಣ್ಣ, ಇದು ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಅಪ್ಪನ ಫೋನಿಗೆ ಬಂದ ಮೆಸೇಜ್ ಇಂಗ್ಲಿಷಿನಲ್ಲಿತ್ತು. ಕಂಪನಿ ಮೆಸೇಜ್ ಅಂದುಕೊಂಡು ವಾರಗಟ್ಟಲೆ ತೆಗೆದೇ ನೋಡಿರಲಿಲ್ಲ. ರೈತರಿಗೆ ಕಳಿಸುವ ಮೆಸೇಜ್ ಕನ್ನಡದಲ್ಲಿ ಕಳಿಸಲು ಏನು ಕಷ್ಟ?

ಗ್ರಾಮ ಲೆಕ್ಕಿಗ (ಊರು ಬೇಡ), 13 ಜೂನ್

ಎರಡು ದಿನದಿಂದ ಓದುತ್ತಿದ್ದೇನೆ. ನಮ್ಮ ಕಡೆಯಿಂದಲೂ ಒಂದಿಷ್ಟು ಹೇಳಬೇಕು ಅನ್ನಿಸಿತು.

ಹೋದ ವರ್ಷ ಪರಿಹಾರದ ಪಟ್ಟಿ ಬಂದಾಗ ನಾನು ಬೆಳಿಗ್ಗೆ ಕ್ವಾರಂಟೈನ್ ಮನೆಗಳಿಗೆ ಚೀಟಿ ಅಂಟಿಸಿ, ಮಧ್ಯಾಹ್ನ ಹೊರ ರಾಜ್ಯದಿಂದ ಬಂದವರ ಲೆಕ್ಕ ಬರೆದು, ಸಂಜೆ ಈ ಪಟ್ಟಿ ಹಿಡಿದು ಕೂರುತ್ತಿದ್ದೆ. ನನ್ನ ವೃತ್ತಕ್ಕೆ ಮೂರು ಊರು. ಪಟ್ಟಿ ಮೇಲಿನಿಂದಲೇ ತಯಾರಾಗಿ ಬರುತ್ತದೆ. ಬೆಳೆ ಸಮೀಕ್ಷೆಯ ಮಾಹಿತಿ, ಸರ್ಕಾರದ "ಭೂಮಿ" ತಂತ್ರಾಂಶದಲ್ಲಿರುವ ಪಹಣಿ, ರೈತರ ನೋಂದಣಿಯ "ಫ್ರೂಟ್ಸ್" ತಂತ್ರಾಂಶದಲ್ಲಿರುವ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಮೂರನ್ನೂ ಕಂಪ್ಯೂಟರ್ ತಾಳೆ ನೋಡುತ್ತದೆ. ಮೂರೂ ಕೂಡಿದರೆ ಹಣ. ಒಂದು ತಪ್ಪಿದರೆ ಹೆಸರು ಕೆಳಗೆ ಬೀಳುತ್ತದೆ. ನಾವು ಪಂಚಾಯಿತಿ ಗೋಡೆಗೆ ಪಟ್ಟಿ ಅಂಟಿಸಿ ಆಕ್ಷೇಪಣೆ ಕೇಳಿದೆವು, ಆದರೆ ಲಾಕ್‌ಡೌನ್‌ನಲ್ಲಿ ಪಂಚಾಯಿತಿಗೆ ಬಂದು ಗೋಡೆ ಓದಿದವರು ಎಷ್ಟು ಜನ?

ಹರಿಹರದ ಅಣ್ಣನಿಗೆ ಆದದ್ದು ತುಂಬಾ ಕಡೆ ಆಗಿದೆ. ಸಮೀಕ್ಷೆ ಮಾಡಲು ಊರಿನ ಹುಡುಗರನ್ನೇ ತೆಗೆದುಕೊಂಡಿದ್ದೆವು, ಪ್ಲಾಟಿಗೆ ಇಷ್ಟು ಅಂತ ಕೊಡುತ್ತಿದ್ದರು. ಎಲ್ಲರೂ ಕೆಟ್ಟದಾಗಿ ಮಾಡಿದರು ಅನ್ನಲಾರೆ. ಆದರೆ ಮಳೆಯಲ್ಲಿ ಹಳ್ಳ ದಾಟಿ ಹೋಗದೆ ತುಂಬಿಸಿದ್ದು ಇದೆ, ಒಪ್ಪಿಕೊಳ್ಳುತ್ತೇನೆ. ಅದಕ್ಕೇ 2020ರ ಮುಂಗಾರಿನಿಂದ ರೈತರೇ ಆ್ಯಪ್‌ನಲ್ಲಿ ಫೋಟೋ ತೆಗೆಯಬಹುದು ಅಂತ ಮಾಡಿದರು. ಅದನ್ನು ಬಿಡಬೇಡಿ.

ಇನ್ನು ಗುತ್ತಿಗೆ ವಿಷಯ. ಪಹಣಿಯಲ್ಲಿ 9ನೇ ಕಾಲಂ ಮಾಲೀಕರದ್ದು, 12ನೇ ಕಾಲಂ ಸಾಗುವಳಿದಾರರದ್ದು. ಆ 12ನೇ ಕಾಲಂನಲ್ಲಿ ನಿಮ್ಮ ತಂದೆಯ ಹೆಸರು ಬರೆಯಲು ನನಗೆ ಅಧಿಕಾರ ಇಲ್ಲ ತಾಯಿ. ಇಲ್ಲಿ ಯಾರ ಮನಸ್ಸು ಕೆಟ್ಟದ್ದು ಅನ್ನುವುದಲ್ಲ ಪ್ರಶ್ನೆ. ಕಾನೂನಿನ ಪ್ರಕಾರ ನಿಮ್ಮ ಗುತ್ತಿಗೆಯೇ ಇಲ್ಲ.

ಮಂಡ್ಯದ ಅಕ್ಕ, 13 ಜೂನ್

ಗುತ್ತಿಗೆ ಇರಲಿ, ಸ್ವಂತ ಜಮೀನಿದ್ದೂ ಸಿಗದವರು ನಾವು. ಯಜಮಾನರು ತೀರಿಕೊಂಡು ಐದು ವರ್ಷ. ಪಹಣಿ ಇನ್ನೂ ಮಾವನವರ ಹೆಸರಿನಲ್ಲಿದೆ, ಅವರೂ ಇಲ್ಲ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪಹಣಿ, ಮಾಡಿಸಬೇಕಾದರೆ ಮೈದುನರು, ನಾದಿನಿಯರು ಎಲ್ಲರೂ ಸಹಿ ಹಾಕಬೇಕು. ಒಬ್ಬರು ಬಂದರೆ ಒಬ್ಬರು ಬರುವುದಿಲ್ಲ. ನನ್ನ ಹೆಸರಿನಲ್ಲಿ ಎಫ್‌ಐಡಿ ಆಗುವುದಿಲ್ಲ, ಏಕೆಂದರೆ ನನ್ನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ತರಕಾರಿ ಬೆಳೆಯುವವಳು ನಾನು. ಬದನೆ, ಹೀರೆ, ಬೀನ್ಸ್, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಿತ್ತು ಆಟೋಗೆ ಹಾಕುವವಳು ನಾನು. ಪಿಎಂ ಕಿಸಾನ್ ಕೂಡ ಬರುವುದಿಲ್ಲ. 2019ರ ಫೆಬ್ರವರಿ 1ಕ್ಕೆ ಯಾರ ಹೆಸರಲ್ಲಿ ಜಮೀನಿತ್ತೋ ಅವರಿಗೆ ಅಂತ ಅದರ ನಿಯಮ. ಆ ದಿನ ನಮ್ಮ ಜಮೀನು ತೀರಿಕೊಂಡವರ ಹೆಸರಲ್ಲಿತ್ತು.

ಹೋದ ವರ್ಷ ಬಂದದ್ದು ಅಂದರೆ ಜನಧನ್ ಖಾತೆಗೆ ತಿಂಗಳಿಗೆ 500ರ ಹಾಗೆ ಮೂರು ತಿಂಗಳು. ಅದೊಂದೇ ನನ್ನ ಹೆಸರಿಗೆ ಅಂತ ಬಂದ ಹಣ. ಬ್ಯಾಂಕಿನ ಮುಂದೆ ಸುಣ್ಣದಲ್ಲಿ ವೃತ್ತ ಬರೆದಿದ್ದರು, ಅದರೊಳಗೆ ಎರಡು ಗಂಟೆ ನಿಂತು ತಂದೆ.

ಗ್ರಾಮ ಲೆಕ್ಕಿಗ, 13 ಜೂನ್

ಅಕ್ಕ, ವಂಶವೃಕ್ಷ ಮಾಡಿಸಿ ಪೌತಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಬಿಡಿ. ಎಲ್ಲರ ಹೆಸರಿಗೂ ಜಂಟಿಯಾಗಿ ಬರಲಿ, ವಿಭಾಗ ಆಮೇಲೆ ಮಾಡಿಕೊಳ್ಳಬಹುದು. ಜಂಟಿ ಆದರೂ ಜೀವಂತ ಇರುವವರ ಹೆಸರು ಪಹಣಿಯಲ್ಲಿ ಇರಬೇಕು. ವಿಭಾಗ ಆಗಲಿ, ಆಮೇಲೆ ಪೌತಿ ಮಾಡಿಸೋಣ ಅಂತ ಕಾಯುವವರೇ ಜಾಸ್ತಿ. ಅಲ್ಲೇ ವರ್ಷಗಳು ಹೋಗುತ್ತವೆ.

ಬೆಂಗಳೂರಲ್ಲಿರುವ ರೈತನ ಮಗ, 13 ಜೂನ್

ಜಮೀನು ಗುತ್ತಿಗೆಗೆ ಕೊಟ್ಟವರ ಮಾತೂ ಯಾರಾದರೂ ಹೇಳಬೇಕಲ್ವಾ. ನಮ್ಮ ತಂದೆಗೆ 70, ಊರಲ್ಲಿ ಒಬ್ಬರೇ ಇದ್ದಾರೆ. ನಮ್ಮ ಜಮೀನು ಮಾಡುವವರು ಹೋದ ವರ್ಷ ಲಾಕ್‌ಡೌನ್ ಅಂತ ಗುತ್ತಿಗೆ ಹಣ ಪೂರ್ತಿ ಕೊಡಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ. ತಂದೆಯ ಖಾತೆಗೆ ಬಂದ ಪರಿಹಾರ ಅದಕ್ಕೆ ಸರಿ ಹೋಯಿತು ಅಂತ ಇಬ್ಬರೂ ಮಾತಾಡಿಕೊಂಡರು. ಎಲ್ಲ ಮಾಲೀಕರೂ ಹಣ ನುಂಗುವವರಲ್ಲ. ಆದರೆ ಬರವಣಿಗೆಯಲ್ಲಿ ಕೊಡಿ ಅಂದರೆ ನಮ್ಮ ತಂದೆ ಕೊಡುವುದಿಲ್ಲ. ನಾನೂ ಬೇಡ ಅನ್ನುತ್ತೇನೆ. ಭಯ ಇದೆ.

ಹಳೇ ಹಸಿರು ಶಾಲು, 14 ಜೂನ್

ಆ ಭಯ ಎಲ್ಲಿಂದ ಬಂತು ಅಂತ ಈಗಿನವರಿಗೆ ಗೊತ್ತಿರಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಆಗ ಹೈಸ್ಕೂಲು ಹುಡುಗ. ದೇವರಾಜ ಅರಸು ಮುಖ್ಯಮಂತ್ರಿ. ಭೂಸುಧಾರಣೆ ಕಾನೂನಿಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿ ಮಾಡುತ್ತಿದ್ದವರು 7ನೇ ನಮೂನೆಯಲ್ಲಿ ಡಿಕ್ಲರೇಷನ್ ಹಾಕಿದರು. ನಮ್ಮಪ್ಪನೂ ಹಾಕಿದರು. ಟ್ರಿಬ್ಯುನಲ್ ಮುಂದೆ ನಿಂತು, ಗೇಣಿ ಕೊಟ್ಟದ್ದಕ್ಕೆ ಚೀಟಿ ಇಲ್ಲದೆ, ಪಕ್ಕದ ಹೊಲದವರ ಸಾಕ್ಷಿ ಹೇಳಿಸಿ ಎರಡು ಎಕರೆ ಪಡೆದರು. ನಾವು ಮನುಷ್ಯರಾಗಿ ತಲೆ ಎತ್ತಿದ್ದು ಆ ಎರಡು ಎಕರೆಯಿಂದ. ಹಾಗಾಗಿ ಆ ಕಾನೂನಿನ ಬಗ್ಗೆ ಯಾರೂ ಹಗುರವಾಗಿ ಮಾತಾಡುವುದು ನನಗೆ ಹಿಡಿಸುವುದಿಲ್ಲ.

ಆದರೆ ಅದೇ ಕಾನೂನು ಇನ್ನು ಮುಂದೆ ಗೇಣಿಗೆ ಕೊಡುವಂತಿಲ್ಲ ಅಂತಲೂ ಹೇಳಿತು. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಗೇಣಿ ನಿಂತಿತಾ? ನಿಲ್ಲಲಿಲ್ಲ. ಕಾಗದದಿಂದ ಮಾಯವಾಗಿ ಬಾಯಿಮಾತಿಗೆ ಬಂತು. ಗುತ್ತಿಗೆ, ವಾರ, ಪಾಲು, ಉತ್ತರ ಕರ್ನಾಟಕದಲ್ಲಿ ಲಾವಣಿ, ಹೆಸರು ನೂರು. ಮಾಲೀಕರಿಗೆ ಇವತ್ತಿಗೂ 12ನೇ ಕಾಲಂನಲ್ಲಿ ಇನ್ನೊಬ್ಬರ ಹೆಸರು ಕಂಡರೆ ನಿದ್ದೆ ಬರುವುದಿಲ್ಲ. ಹೋದ ವರ್ಷ ಅದೇ ಕಾನೂನಿನ 79ಎ, 79ಬಿ ಕಲಂ ತೆಗೆದುಹಾಕಿ ಯಾರು ಬೇಕಾದರೂ ಜಮೀನು ಕೊಳ್ಳಬಹುದು ಅಂತ ಮಾಡಿದರು, ಅದನ್ನು ನಾವು ಬೀದಿಯಲ್ಲಿ ನಿಂತು ವಿರೋಧಿಸಿದೆವು. ಕೊಳ್ಳುವವರಿಗೆ ಬಾಗಿಲು ತೆರೆದರು, ಉಳುವ ಗುತ್ತಿಗೆದಾರನಿಗೆ ಒಂದು ಗುರುತಿನ ಚೀಟಿ ಕೊಡುವ ಯೋಚನೆ ಮಾಡಲಿಲ್ಲ. ಬರ ಬಂದರೂ, ನೆರೆ ಬಂದರೂ, ಕೊರೊನಾ ಬಂದರೂ ಪರಿಹಾರ ಪಹಣಿಯ ಹಿಂದೆಯೇ ಹೋಗುತ್ತದೆ. ಬೆಳೆ ವಿಮೆ, ಬ್ಯಾಂಕ್ ಸಾಲ, ಎಲ್ಲದಕ್ಕೂ ಇದೇ ಗೋಳು.

ನೀನು ಕೇಳಿದ್ದು ಸರಿಯಾದ ಪ್ರಶ್ನೆ ಮಗಳೇ.

ಬಾಗೇಪಲ್ಲಿ ಗಡಿ, 14 ಜೂನ್

ಹಿರಿಯರು ಹೇಳಿದ ಗುರುತಿನ ಚೀಟಿ ಆಂಧ್ರದಲ್ಲಿ ಇದೆ. ನಮ್ಮ ಅತ್ತೆಯ ಮನೆ ಹಿಂದೂಪುರದ ಹತ್ತಿರ. ಅಲ್ಲಿ 2019ರಲ್ಲಿ ಒಂದು ಕಾನೂನು ಮಾಡಿದರು. ಮಾಲೀಕರು ಮತ್ತು ಮಾಡುವವರು 11 ತಿಂಗಳಿಗೆ ಒಪ್ಪಂದಕ್ಕೆ ಸಹಿ ಹಾಕಿದರೆ ಮಾಡುವವರಿಗೆ ಸಾಗುವಳಿ ಹಕ್ಕಿನ ಕಾರ್ಡು ಸಿಗುತ್ತದೆ. ಬೆಳೆಯ ಮೇಲೆ ಮಾತ್ರ ಹಕ್ಕು, ಭೂಮಿಯ ಮೇಲೆ ಇಲ್ಲ ಅಂತ ಅದರಲ್ಲೇ ಇದೆ. ಈಗ, 2021ರಲ್ಲಿ, ಅಲ್ಲಿನ ಸರ್ಕಾರದ ರೈತು ಭರೋಸಾ ಯೋಜನೆಯಲ್ಲಿ ಎಸ್‌ಸಿ, ಎಸ್‌ಟಿ, ಬಿಸಿ, ಅಲ್ಪಸಂಖ್ಯಾತ ಗುತ್ತಿಗೆ ರೈತರಿಗೂ ವರ್ಷಕ್ಕೆ 13,500 ಕೊಡುತ್ತಾರೆ. ನಮ್ಮ ಭಾವನಿಗೆ ಬರುತ್ತಿದೆ. ಎಲ್ಲ ಮಾಲೀಕರೂ ಸಹಿ ಹಾಕುತ್ತಾರೆ ಅಂತಲ್ಲ, ಅಲ್ಲೂ ಹಿಂಜರಿಯುತ್ತಾರೆ. ಆದರೆ ಕೇಳಲು ಒಂದು ಕಾಗದ ಅಂತ ಇದೆ. ಗಡಿ ಕಲ್ಲು ದಾಟಿದರೆ ಇರುವ ಕಾಗದ ಈ ಕಡೆ ಇಲ್ಲ.

ಅಯೋವಾ ಕನ್ನಡಿಗ, 15 ಜೂನ್

ನಾನು ತುಮಕೂರಿನವನು, ಅಮೆರಿಕದ ಅಯೋವಾದಲ್ಲಿ ಒಂದು ಸಣ್ಣ ಊರಿನಲ್ಲಿ ಇದ್ದೇನೆ. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆ. ಇಲ್ಲಿ ಕೌಂಟಿ ಅಂತಾರೆ, ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ. ಇಲ್ಲಿನ ಪರಿಹಾರ ಹೇಗೆ ನಡೆಯಿತು ಅಂತ ಹತ್ತಿರದಿಂದ ನೋಡಿದ್ದೇನೆ, ಹೋಲಿಕೆಗೆ ಬೇಕಾಗಬಹುದು.

2020ರ ಏಪ್ರಿಲ್ 17ಕ್ಕೆ ಘೋಷಣೆ, ರೈತರಿಗೆ ನೇರವಾಗಿ 1,600 ಕೋಟಿ ಡಾಲರ್. ಮೇ 26ರಿಂದ ಅರ್ಜಿ. ಕೃಷಿ ಇಲಾಖೆಗೆ ಹೆಚ್ಚುಕಡಿಮೆ ಎಲ್ಲ ಕೃಷಿ ಕೌಂಟಿಗಳಲ್ಲೂ ಕಚೇರಿ ಇದೆ, ಬೀಗ ಹಾಕಿದ್ದರಿಂದ ಫೋನು ಮತ್ತು ಇಮೇಲಿನಲ್ಲೇ ನಡೆಯಿತು. ರೈತ ತಾನೇ ಬರೆದುಕೊಡಬೇಕು, ಇಷ್ಟು ಬೆಳೆದೆ, ಇಷ್ಟು ಹಂದಿ ಇದ್ದವು ಅಂತ. ಮೊದಲು ನಂಬುತ್ತಾರೆ, ಆಮೇಲೆ ಕೆಲವರ ಕಾಗದ ತರಿಸಿ ಪರಿಶೀಲಿಸುತ್ತಾರೆ. ಮೊದಲಿಗೆ 80 ಭಾಗ ಕೊಟ್ಟು, ಉಳಿದದ್ದು ಆಮೇಲೆ ಕೊಟ್ಟರು.

ನಿಮ್ಮ ಪ್ರಶ್ನೆಗೆ ಸಂಬಂಧಿಸಿದ್ದು ಇದು. ಇಲ್ಲಿ ಅರ್ಧಕ್ಕರ್ಧ ಜಮೀನು ಗುತ್ತಿಗೆಯಲ್ಲೇ ನಡೆಯುತ್ತದೆ. ಪರಿಹಾರ ಸಿಗುವುದು ಬೆಳೆಯ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೋ ಅವರಿಗೆ. ಗುತ್ತಿಗೆ ಹಣ ಎಣಿಸಿಕೊಂಡ ಮಾಲೀಕರಿಗೆ ಏನೂ ಇಲ್ಲ. ಪಾಲಿಗೆ ಮಾಡಿದ್ದರೆ ಇಬ್ಬರಿಗೂ ಅವರವರ ಪಾಲಿನಷ್ಟು. ಗುತ್ತಿಗೆ ಕಾನೂನುಬದ್ಧ ಆದ್ದರಿಂದ ಇದು ಸಾಧ್ಯ.

ಹಾಗಂತ ಇಲ್ಲಿ ಎಲ್ಲ ನ್ಯಾಯವಾಗಿ ನಡೆಯಿತು ಅನ್ನಲಾರೆ. ಒಬ್ಬರಿಗೆ ಮಿತಿ ಎರಡೂವರೆ ಲಕ್ಷ ಡಾಲರ್. ಬೆಳೆದಷ್ಟಕ್ಕೆ ಹಣ, ಹಾಗಾಗಿ ದೊಡ್ಡವರಿಗೆ ದೊಡ್ಡ ಚೆಕ್. ನಮ್ಮ ಶನಿವಾರದ ಸಂತೆಗೆ ತರಕಾರಿ ತರುವ ದಂಪತಿ ಸಿಕ್ಕದ್ದು ಅರ್ಜಿ ತುಂಬಿಸಿದ ಹೊತ್ತಿಗೆ ಸಾಲದು ಅಂದರು. ಹೂವು ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ, ಆಗಸ್ಟ್‌ನಲ್ಲಿ ಸೇರಿಸಿದರು. ಕರ್ನಾಟಕ ಹೂವಿನಿಂದಲೇ ಶುರು ಮಾಡಿತು ಅಂತ ಓದಿದಾಗ ನನಗೆ ಖುಷಿಯಾಗಿತ್ತು. ಕೈಯಲ್ಲಿ ಒಂದು ದಿನ ಇಟ್ಟುಕೊಳ್ಳಲಾಗದ ಬೆಳೆ ಅದು.

ಹರಿಹರದವರಿಗೆ ಒಂದು ಮಾತು. ಇಲ್ಲಿ ಮೊದಲ ಸುತ್ತಿನಲ್ಲಿ ಜೋಳಕ್ಕೆ ಹಣ ಕೊಟ್ಟದ್ದು 2020ರ ಜನವರಿ 15ಕ್ಕೆ ಮಾರದೆ, ಮುಂಗಡ ಬೆಲೆ ಒಪ್ಪಂದವನ್ನೂ ಮಾಡಿಕೊಳ್ಳದೆ ಎಷ್ಟು ಇಟ್ಟುಕೊಂಡಿದ್ದೀರಿ ಅಂತ ಕೇಳಿಕೊಂಡು.

ಮೆಕ್ಕೆಜೋಳ ಹರಿಹರ, 15 ಜೂನ್

ಸರ್, ಇದು ಬಹಳ ಮುಖ್ಯ. ಡಿಸೆಂಬರಿನಲ್ಲೇ ಒಳ್ಳೆ ಬೆಲೆಗೆ ಮಾರಿದವರಿಗೆ ನಷ್ಟವೇ ಆಗಿರಲಿಲ್ಲ, ಅವರಿಗೂ 5,000 ಬಂತು. ಗೋಣಿ ಚೀಲದಲ್ಲಿ ಜೋಳ ಇಟ್ಟುಕೊಂಡು ಹುಳ ಬೀಳದಂತೆ ನೋಡಿಕೊಳ್ಳುತ್ತಿದ್ದ ನನಗೆ ಬರಲಿಲ್ಲ. 1 ಎಕರೆಯವರಿಗೂ 5,000, 10 ಎಕರೆಯವರಿಗೂ 5,000. ಸಣ್ಣವರಿಗೆ ಅದು ಒಳ್ಳೆಯದೇ, ಅದನ್ನು ಬೇಡ ಅನ್ನುವುದಿಲ್ಲ. ಆದರೆ ನಷ್ಟ ಯಾರಿಗೆ ಅಂತ ಒಂದು ಸಲವೂ ಯಾರೂ ಕೇಳಲಿಲ್ಲವಲ್ಲ.

ಟೊಮ್ಯಾಟೊ ಶ್ರೀನಿವಾಸಪುರ, 15 ಜೂನ್

ಈ ವರ್ಷದ ಲೆಕ್ಕ ಒಂದು ಹೇಳಿ ಹೋಗುತ್ತೇನೆ. ಹೂವಿಗೆ ಸುಮಾರು 20,000 ಬೆಳೆಗಾರರು, 12.73 ಕೋಟಿ. ಭಾಗಿಸಿ ನೋಡಿ, ಒಬ್ಬರಿಗೆ ಆರು ಸಾವಿರದ ಮುನ್ನೂರು ಚಿಲ್ಲರೆ. ಹಣ್ಣು ತರಕಾರಿಗೆ 69,000 ರೈತರು, 69 ಕೋಟಿ, ತಲಾ ಹತ್ತು ಸಾವಿರ. ಇಡೀ ರಾಜ್ಯದಲ್ಲಿ ತರಕಾರಿ ಮತ್ತು ಹಣ್ಣು ಬೆಳೆಯುವವರು ಅಷ್ಟೇನಾ? ಕೋಲಾರ ಎಪಿಎಂಸಿಗೆ ಟೊಮ್ಯಾಟೊ ತರುವವರನ್ನು ಒಂದು ವಾರ ನಿಂತು ನೋಡಿ. ಒಂದು ಎಕರೆ ಟೊಮ್ಯಾಟೊಗೆ ನಾರು, ಕೋಲು, ದಾರ, ಔಷಧಿ ಸೇರಿ ಲಕ್ಷ ದಾಟುತ್ತದೆ, ಪರಿಹಾರ ನಾಲ್ಕು ಸಾವಿರ. ಬಂದರೆ ಬೇಡ ಅನ್ನಲ್ಲ, ಕೀಳುವ ಕೂಲಿಗಾದರೂ ಆಗುತ್ತದೆ.

ಹೂತೋಟದ ಮಗಳು, 28 ಜೂನ್

ಇಲ್ಲಿ ಓದಿದ್ದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಹಳೇ ಹಸಿರು ಶಾಲು ಅಜ್ಜ ಬರೆದದ್ದನ್ನು ಎರಡು ಸಲ ಓದಿಸಿಕೊಂಡರು.

ಅಪ್ಪ ಕೇಳುವುದಿಲ್ಲ ಅಂತ ನಾನೇ ಅಜ್ಜಿಯ ಮನೆಗೆ ಹೋದೆ. ಜಗಳ ಮಾಡಲು ಅಲ್ಲ. ಅವರ ಪಾಸ್‌ಬುಕ್ ಎಂಟ್ರಿ ಹಾಕಿಸಿ ತಂದುಕೊಡುತ್ತೇನೆ ಅಂತ ಹೇಳಿ ತೆಗೆದುಕೊಂಡು ಹೋದೆ, ತಂದು ಅವರ ಪಕ್ಕದಲ್ಲೇ ಕೂತು ಒಂದೊಂದು ಸಾಲೂ ಓದಿದೆ. ಇದು ವಿಧವಾ ವೇತನ, ಇದು ಪಿಎಂ ಕಿಸಾನ್ ಎರಡು ಸಾವಿರ, ಇದು ಹೂವಿನ ಪರಿಹಾರ. ಅಜ್ಜಿ ಸುಮ್ಮನೆ ಕೇಳಿಸಿಕೊಂಡರು. "ಅದು ನಿಮ್ಮ ಹೂವಿನ ದುಡ್ಡಾ? ನಾನು ಪಿಂಚಣಿ ಒಟ್ಟಿಗೆ ಹಾಕಿದ್ದಾರೆ ಅಂದ್ಕೊಂಡಿದ್ದೆ ಕಣಮ್ಮಾ" ಅಂದರು. ಆ ಹಣ ಹೋದ ವರ್ಷವೇ ಅವರ ಮೊಮ್ಮಗಳ ಕಾಲೇಜಿನ ಫೀಸಿಗೆ ಖರ್ಚಾಗಿತ್ತು. ನನಗೆ ಮುಂದೆ ಏನು ಹೇಳಬೇಕು ಅಂತ ತೋಚಲಿಲ್ಲ. ಕಾಫಿ ಕುಡಿದು ಬಂದೆ.

ವಾರ ಬಿಟ್ಟು ಅವರೇ ಅಪ್ಪನನ್ನು ಕರೆಸಿದರು. ಈ ವರ್ಷದ ಗುತ್ತಿಗೆಯಲ್ಲಿ ಐದು ಸಾವಿರ ಬಿಟ್ಟರು. ಈ ಸಲದ ಪರಿಹಾರ ಬಂದರೆ ಅದನ್ನೂ ಕೊಡುತ್ತೇನೆ ಅಂದರು. ಕಾಗದದ ಮಾತು ಎತ್ತಿದ್ದಕ್ಕೆ ಬೆಂಗಳೂರಿನಲ್ಲಿರುವ ಅವರ ಮಗ ಫೋನಿನಲ್ಲೇ ಆಗಲ್ಲ ಅಂದರು. ಅವರ ಮೇಲೆ ನನಗೆ ಕೋಪ ಇಲ್ಲ. ಆಂಧ್ರದ ಹಾಗೆ ಭೂಮಿಯ ಹಕ್ಕಿಗೆ ತೊಂದರೆ ಇಲ್ಲ ಅಂತ ಸರ್ಕಾರವೇ ಮುದ್ರೆ ಹಾಕಿದ ಕಾಗದ ಇದ್ದಿದ್ದರೆ ಅವರು ಸಹಿ ಹಾಕುತ್ತಿದ್ದರೋ ಏನೋ. ಅಜ್ಜಿ ಒಳ್ಳೆಯವರು, ನಮ್ಮ ಅದೃಷ್ಟ. ಅಜ್ಜಿಯ ಒಳ್ಳೆಯತನದ ಮೇಲೆ ನಮ್ಮ ಮನೆ ನಡೆಯಬೇಕು ಅನ್ನುವುದೇ ನನಗೆ ನೋವು.

ಮಂಡ್ಯದ ಅಕ್ಕ, 29 ಜೂನ್

ಪಾಸ್‌ಬುಕ್ ಓದಿ ಹೇಳಿದೆಯಲ್ಲ, ಅದು ನನಗೆ ತುಂಬಾ ಹಿಡಿಸಿತು ತಂಗಿ. ನಾನೂ ಪೌತಿಗೆ ಅರ್ಜಿ ಹಾಕಿ ಬಂದೆ. ಇಬ್ಬರು ಮೈದುನರು ಸಹಿ ಹಾಕಿದ್ದಾರೆ, ಒಬ್ಬರು ಬಾಕಿ.

ಹೂತೋಟದ ಮಗಳು, 22 ಆಗಸ್ಟ್

ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವು ಹೋಯಿತು, ಬೆಲೆಯೂ ಸಿಕ್ಕಿತು. ಒಂದೂವರೆ ವರ್ಷದಲ್ಲಿ ಮೊದಲ ಸಲ ಅಪ್ಪ ಮಂಡಿಯಿಂದ ಬಂದು ಚೀಟಿಯನ್ನು ನಮ್ಮ ಕೈಗೆ ಕೊಟ್ಟು ಓದಿ ಅಂದರು.

ಈ ಮುಂಗಾರಿನ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಎರಡೂ ಜಮೀನಿನದ್ದು ನಾನೇ ಮಾಡಿದೆ. ಮಾಡುವವರಿಗೆ ಉಪಯೋಗ ಆಗಲಿ ಅಂತ ಹೇಳುತ್ತೇನೆ. ಫೋಟೋ ತೆಗೆಯುವಾಗ ನಿಮ್ಮ ಪ್ಲಾಟಿನ ಒಳಗೇ ನಿಂತಿರಬೇಕು. ಬದುವಿನ ಮೇಲೆ ನಿಂತರೆ ಗಡಿಯ ಹೊರಗಿದ್ದೀರಿ ಅನ್ನುತ್ತದೆ, ಹತ್ತು ಹೆಜ್ಜೆ ಒಳಗೆ ಬನ್ನಿ. ಮೋಡ ಇದ್ದಾಗ ಜಿಪಿಎಸ್ ಕೂರಲು ಹೊತ್ತು ಹಿಡಿಯುತ್ತದೆ. ಒಂದೇ ಸರ್ವೆ ನಂಬರಿನಲ್ಲಿ ಎರಡು ಬೆಳೆ ಇದ್ದರೆ ಎರಡನ್ನೂ ಬೇರೆ ಬೇರೆ ವಿಸ್ತೀರ್ಣ ಹಾಕಿ ಸೇರಿಸಿ. ನಮ್ಮದರಲ್ಲಿ ಸೇವಂತಿಗೆ 14 ಗುಂಟೆ, ಚೆಂಡುಹೂ 8 ಗುಂಟೆ ಅಂತ ಹಾಕಿದೆ. ಅಜ್ಜಿಯ ಜಮೀನಿಗೆ ಅವರ ಹೆಸರನ್ನೇ ಆರಿಸಬೇಕಾಯಿತು. ನನ್ನ ಅಪ್ಪನ ಹೆಸರು ಹಾಕಲು ಅದರಲ್ಲಿ ಜಾಗ ಇಲ್ಲ, ಹುಡುಕಿದೆ.

ಮೆಕ್ಕೆಜೋಳ ಹರಿಹರ, 22 ಆಗಸ್ಟ್

ಥ್ಯಾಂಕ್ಸ್ ತಂಗಿ. ಹಳ್ಳದ ಆಚೆ ಸಿಗ್ನಲ್ ಸಿಗುವುದಿಲ್ಲ, ಅಲ್ಲಿ ಫೋಟೋ ತೆಗೆದು ಮನೆಗೆ ಬಂದು ಅಪ್‌ಲೋಡ್ ಮಾಡಬಹುದಾ?

ಗ್ರಾಮ ಲೆಕ್ಕಿಗ, 22 ಆಗಸ್ಟ್

ಮಾಡಬಹುದು. ಹೊರಡುವ ಮೊದಲು ಮನೆಯಲ್ಲೇ ನಿಮ್ಮ ಊರಿನ ಮಾಹಿತಿ ಡೌನ್‌ಲೋಡ್ ಮಾಡಿಕೊಳ್ಳಿ, ಹೊಲದಲ್ಲಿ ಫೋಟೋ ತೆಗೆದು ಉಳಿಸಿ, ಸಿಗ್ನಲ್ ಇರುವ ಕಡೆ ಬಂದು ಕಳಿಸಿ. ಹೋಯಿತಾ ಅಂತ ಒಂದು ವಾರ ಬಿಟ್ಟು ನೋಡಿ. "ಬೀಳು" ಅಂತ ಮತ್ತೆ ಬಂದರೆ ಗಡುವು ಮುಗಿಯುವ ಮೊದಲು ಆಕ್ಷೇಪಣೆ ಹಾಕಿ, ಬಿತ್ತನೆ ಬಂತು ಅಂತ ಬಿಡಬೇಡಿ ಅಣ್ಣ.